‘ಸಿಟಿಜನ್ ಕೇನ್’: ಮಗನನ್ನು ಕಳಿಸಿಕೊಟ್ಟ ಆ ತಾಯಿಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ — ಸರಸ್ವತಿಪುರಂ ನಿವಾಸಿ, ಮೈಸೂರು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ನಾಲ್ಕಾರು ಗೆಳೆಯರು ಸೇರಿ ಆರ್ಸನ್ ವೆಲ್ಸ್ ಅವರ 1941ರ ಈ ಚಿತ್ರವನ್ನು ನೋಡಿದೆವು. ಊಟದ ಹೊತ್ತಿನವರೆಗೂ ಮಾತು ಒಂದೇ ದೃಶ್ಯದ ಸುತ್ತ ಸುತ್ತಿತು. ಕೊಲರಾಡೋದ ಹಿಮದಲ್ಲಿ ಬಡ ಹುಡುಗ ಚಾರ್ಲ್ಸ್ ಕೇನ್ ಆಡುತ್ತಿದ್ದಾನೆ. ಬಾಡಿಗೆ ಕೊಡಲಾಗದೆ ಹೋದ ಯಾರೋ ಬಿಟ್ಟುಹೋಗಿದ್ದ ಗಣಿಯ ಪತ್ರದಿಂದ ಅವನ ತಾಯಿಗೆ ಅಪಾರ ಸಂಪತ್ತು ಬಂದಿದೆ. ಅವಳು ಮಗನನ್ನು ಥ್ಯಾಚರ್ ಎಂಬ ಬ್ಯಾಂಕಿನವನ ವಶಕ್ಕೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುತ್ತಾಳೆ. ಅವಳ ಮುಖದಲ್ಲಿ ಒಂದು ಹನಿ ಕಣ್ಣೀರಿಲ್ಲ. ನನ್ನ ಗೆಳೆಯರಲ್ಲಿ ಇಬ್ಬರು ಅವಳನ್ನು ಕಲ್ಲುಮನಸ್ಸಿನವಳೆಂದರು. ನನಗೆ ಹಾಗೆನ್ನಿಸಲಿಲ್ಲ, ಆದರೆ ಏಕೆಂದು ಹೇಳಲು ಬರಲಿಲ್ಲ. ಕೇನ್‌ನ ಮುಂದಿನ ಒಂಟಿತನಕ್ಕೆ ಈ ತಾಯಿಯೇ ಕಾರಣಳೆ?

ಉತ್ತರ 1 — ಹಳೆಯ ಚಿತ್ರಗಳ ಅಭ್ಯಾಸಿ

ಆ ದೃಶ್ಯವನ್ನು ಮಾತಿಲ್ಲದೆ, ಕೇವಲ ಚಿತ್ರವಾಗಿ ಇನ್ನೊಮ್ಮೆ ನೋಡಿ. ಕ್ಯಾಮೆರಾ ಹುಡುಗನಿಂದ ಆರಂಭಿಸಿ, ಕಿಟಕಿಯೊಳಗಿಂದ ಹಿಂದೆ ಹಿಂದೆ ಸರಿದು, ಕಾಗದಗಳಿರುವ ಮೇಜಿನವರೆಗೆ ಬರುತ್ತದೆ. ಛಾಯಾಗ್ರಾಹಕ ಗ್ರೆಗ್ ಟೋಲ್ಯಾಂಡ್ ಅವರು ಹತ್ತಿರದ ಮುಖವೂ ದೂರದ ಹಿಮವೂ ಒಂದೇ ಸ್ಪಷ್ಟತೆಯಲ್ಲಿ ಕಾಣುವಂತೆ ಚಿತ್ರಿಸಿರುವುದರಿಂದ, ಮುಂದೆ ಸಹಿ ನಡೆಯುತ್ತಿರುವಾಗ ಆ ಸಹಿ ಯಾರ ಬದುಕನ್ನು ತಿರುಗಿಸುತ್ತಿದೆಯೋ ಅವನು ಕಿಟಕಿಯ ಚೌಕಟ್ಟಿನೊಳಗೆ ಬೆರಳಿನಷ್ಟು ಚಿಕ್ಕವನಾಗಿ ಆಡುತ್ತಲೇ ಇರುತ್ತಾನೆ. ಅವನನ್ನು ಒಬ್ಬರೂ ಒಂದು ಮಾತು ಕೇಳುವುದಿಲ್ಲ.

ತಂದೆ ಆ ಕಿಟಕಿಯನ್ನು ಮುಚ್ಚುತ್ತಾನೆ. ತಾಯಿ ಎದ್ದುಹೋಗಿ ಅದನ್ನು ತೆರೆಯುತ್ತಾಳೆ. ಮಗನ ಪೆಟ್ಟಿಗೆಯನ್ನು ಒಂದು ವಾರದ ಹಿಂದೆಯೇ ಕಟ್ಟಿಟ್ಟಿರುವುದಾಗಿ ಅವಳು ಹೇಳುವುದು ಆಗಲೇ. ಅಳುವುದನ್ನೆಲ್ಲ ಅವಳು ಆ ವಾರದಲ್ಲಿ ಅತ್ತು ಮುಗಿಸಿದ್ದಾಳೆಂದು ನಾನು ನಂಬುತ್ತೇನೆ. ಹುಡುಗನಿಗೆ ಚೆನ್ನಾಗಿ ಬಾರಿಸಬೇಕೆಂದು ತಂದೆ ಅಂದಾಗ ಅವಳು ಕೊಡುವ ಉತ್ತರವನ್ನೂ ಗಮನಿಸಿ: ಅವನ ಕೈಗೆ ಸಿಗದ ಕಡೆ ಮಗ ಬೆಳೆಯಲೆಂಬುದೇ ಅವಳ ಉದ್ದೇಶ. ತಂದೆತಾಯಿಗೆ ವರ್ಷಕ್ಕೆ 50,000 ಡಾಲರ್ ಸಿಗುವುದೆಂಬ ಮಾತು ಕಿವಿಗೆ ಬಿದ್ದೊಡನೆ ತಂದೆಯ ವಿರೋಧ ಕರಗಿಹೋಗುತ್ತದೆ. ಕಲ್ಲುಮನಸ್ಸಿನ ಆರೋಪ ಹೊರಿಸಲೇಬೇಕಾದರೆ ಅದು ಆ ಕಡೆಗೆ ಹೋಗಬೇಕು.

ಉತ್ತರ 2 — ಮಂಡ್ಯದವನು

ಪೆಟ್ಟಿಗೆಯ ಮಾತು ಓದಿದ ಮೇಲೆ ನಾನೂ ಬರೆಯಬೇಕೆನ್ನಿಸಿತು. ನನ್ನನ್ನು ಹತ್ತನೆಯ ವಯಸ್ಸಿಗೆ ಮೈಸೂರಿನ ಒಂದು ವಸತಿಶಾಲೆಗೆ ಸೇರಿಸಿದರು. ಕಬ್ಬಿನಲ್ಲಿ ಒಳ್ಳೆಯ ಹಣ ಬಂದ ವರ್ಷ ಅದು. ಬಡತನದಲ್ಲೇ ಇದ್ದಿದ್ದರೆ ನಾನು ಊರಿನಲ್ಲಿಯೇ ಉಳಿಯುತ್ತಿದ್ದೆ. ತಗಡಿನ ಟ್ರಂಕು ನಾಲ್ಕಾರು ದಿನ ಮೊದಲೇ ನಡುಮನೆಗೆ ಬಂದು ಕುಳಿತಿತ್ತು. ಹೊರಡುವ ಬೆಳಿಗ್ಗೆ ಅಮ್ಮ ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಉಡಿದಾರಕ್ಕೆ ಎರಡು ಗಂಟು ಹಾಕಿ ಕಟ್ಟಿದಳು. ಅವಳೂ ಅಳಲಿಲ್ಲ. ಆ ಕಬ್ಬಿಣದ ತಣ್ಣನೆಯ ಸೋಂಕು ಹೊಟ್ಟೆಯ ಮೇಲೆ ಬಹಳ ದಿನ ಉಳಿಯಿತು.

ಕೇನ್ ಸಾಯುವಾಗ ಉಸುರುವ ಕೊನೆಯ ಮಾತು, ಅವನು ಅಂದು ಹಿಮದಲ್ಲಿ ಆಡುತ್ತಿದ್ದ ಜಾರುಬಂಡಿಯ ಹೆಸರು. ಹಿಮವನ್ನೇ ಕಾಣದ ನನಗೆ ‘ರೋಸ್‌ಬಡ್’ ಎಂಬ ಆ ಜಾರುಬಂಡಿ ಅರ್ಥವಾದದ್ದು ತೆಂಗಿನ ಸೋಗೆಯ ಮೂಲಕ. ಒಬ್ಬನನ್ನು ಸೋಗೆಯ ಮೇಲೆ ಕೂರಿಸಿ, ಉಳಿದವರು ಅದರ ಮಟ್ಟೆ ಹಿಡಿದು ನಾಲೆ ಏರಿಯ ಮೇಲೆ ದೂಳೆಬ್ಬಿಸುತ್ತ ಎಳೆಯುತ್ತಿದ್ದೆವು. ರಜೆಗೆ ಬಂದಾಗ ನನ್ನ ಜೊತೆಯವರು ಆಗಲೇ ಗದ್ದೆಯ ಕೆಲಸಕ್ಕೆ ಇಳಿದಿದ್ದರು, ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ್ದರು. ಆಮೇಲೆ ನನ್ನನ್ನು ಯಾರೂ ಸೋಗೆಯ ಮೇಲೆ ಕೂರಿಸಲಿಲ್ಲ.

ಉತ್ತರ 3 — ಕುವೆಂಪುನಗರದ ಓದುಗಿ

ತಾಯಿಯ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಇಡೀ ಕೇನ್‌ನನ್ನು ಜಾರುಬಂಡಿಯೊಂದಕ್ಕೆ ಕಟ್ಟಿಹಾಕುವುದು ಬೇಡ. ವೆಲ್ಸ್ ಅವರೇ ಮುಂದೆ ಆ ಕೊನೆಯ ಮಾತಿನ ಗುಟ್ಟನ್ನು ಅಗ್ಗದ ಮನೋವಿಜ್ಞಾನವೆಂದು ತಳ್ಳಿಹಾಕಿದ್ದರು. ಕೇನ್ ಬೆಳೆದು ಪತ್ರಿಕೆಗಳ ಒಡೆಯನಾದ ಮೇಲೆ, ತನ್ನ ಎರಡನೆಯ ಹೆಂಡತಿ ಸೂಸನ್‌ಗಾಗಿ ಒಪೆರಾ ಮಂದಿರವನ್ನೇ ಕಟ್ಟಿಸಿ, ಬೇಡವೆಂದರೂ ಅವಳನ್ನು ಹಾಡಲು ನಿಲ್ಲಿಸಿದವನು ಅವನೇ. ತನ್ನನ್ನು ಕೇಳದೆ ಸಾಗಿಸಿದ ನೋವನ್ನು ಉಂಡವನು ಇನ್ನೊಬ್ಬರನ್ನು ಕೇಳುವುದನ್ನು ಕಲಿಯಲಿಲ್ಲ. ಕೇನ್ ಕಟ್ಟಿಸಿದ ಝನಡು ಎಂಬ ಅರಮನೆಯ ಬೃಹತ್ ಒಲೆಯ ಮುಂದೆ ಸೂಸನ್ ಒಬ್ಬಳೇ ನೆಲದ ಮೇಲೆ ಕುಳಿತು ಚಿತ್ರಒಗಟಿನ (ಜಿಗ್ಸಾ) ತುಣುಕುಗಳನ್ನು ಜೋಡಿಸುತ್ತಿರುವಾಗ, ಅವನ ಧ್ವನಿ ಕೋಣೆಯ ಆ ತುದಿಯಿಂದ ಮಾರ್ದನಿಗೊಡುತ್ತ ಬರುತ್ತದೆ. ಒಂಟಿತನದ ಇದಕ್ಕಿಂತ ತೀಕ್ಷ್ಣ ಚಿತ್ರವನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ ನಿಮ್ಮ ಚರ್ಚೆಯಲ್ಲಿ ಬರಲಿಲ್ಲ. ಸೂಸನ್‌ಳನ್ನು ಮೊದಲು ಕಂಡ ರಾತ್ರಿ ಕೇನ್ ಹೊರಟಿದ್ದದ್ದು ಗೋದಾಮಿಗೆ, ತೀರಿಕೊಂಡ ತಾಯಿಯ ಸಾಮಾನುಗಳನ್ನು ನೋಡಲು. ದಾರಿಯಲ್ಲಿ ಗಾಡಿ ಕೆಸರೆರಚಿದ್ದರಿಂದ ಅವಳ ಕೋಣೆಗೆ ಹೋದ. ಹೊರಟ ಕೆಲಸ ಅಂದು ನಿಂತೇಹೋಯಿತು. ಕೊನೆಗೆ ಜಾರುಬಂಡಿ ಅವನದೇ ಅರಮನೆಯಲ್ಲಿ, ಬಿಚ್ಚದ ಪೆಟ್ಟಿಗೆಗಳ ರಾಶಿಯ ನಡುವೆ ಸಿಕ್ಕಿ ಒಲೆಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಿಟಕಿಯನ್ನು ಮುಚ್ಚಿದವರು ಯಾರು, ತೆರೆದವರು ಯಾರು ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಮಂಡ್ಯದವರೆ, ಆ ಟ್ರಂಕು ಇನ್ನೂ ಇದೆಯೆ?

ಉತ್ತರ — ಮಂಡ್ಯದವನು

ಅಟ್ಟದ ಮೇಲಿದೆ. ಅಮ್ಮ ಈಗ ಅದರಲ್ಲಿ ಹಬ್ಬದ ಪಾತ್ರೆಗಳನ್ನು ಇಟ್ಟಿದ್ದಾಳೆ. ಟ್ರಂಕು ನಡುಮನೆಯಲ್ಲಿದ್ದ ಆ ನಾಲ್ಕಾರು ದಿನ ಅವಳಿಗೆ ಹೇಗೆ ಕಳೆದವೆಂದು ನಾನು ಇದುವರೆಗೂ ಕೇಳಿಲ್ಲ. ಗೌರಿ ಹಬ್ಬಕ್ಕೆ ಊರಿಗೆ ಹೋಗುತ್ತೇನೆ, ಪಾತ್ರೆ ಇಳಿಸುವಾಗ ಕೇಳುತ್ತೇನೆ.