ಸಿಲಿಕಾನ್ ವೇಫರ್ ಮೇಲೆಯೇ ಸಿಲಾಕ್ಸೀನ್ ಬೆಳೆಸಿದವರಿದ್ದೀರಾ?

ಕೇಳಿದವರು: ಕ್ಯಾಲ್ಸಿಯಂ ಡೈಸಿಲಿಸೈಡ್ (ಕ್ಯಾಲ್ಸಿಯಂ, ಸಿಲಿಕಾನ್ ಪದರಗಳ ಸಂಯುಕ್ತ) ಪುಡಿಯನ್ನು ಆಮ್ಲಕ್ಕೆ ಹಾಕಿ ಸಿಲಾಕ್ಸೀನ್, ಅಂದರೆ ಹೈಡ್ರೋಜನ್, ಆಮ್ಲಜನಕ ಅಂಟಿದ ತೆಳು ಸಿಲಿಕಾನ್ ಹಾಳೆಗಳನ್ನು, ಮಾಡುವುದು ಗೊತ್ತು. ನನಗೆ ಅದು ವೇಫರ್‌ಗೆ (ಸಿಲಿಕಾನ್ ಬಿಲ್ಲೆಗೆ) ಅಂಟಿಕೊಂಡೇ ಇರಬೇಕು. ಅದಕ್ಕೆ ವೇಫರ್ ಮೇಲೆ ಕ್ಯಾಲ್ಸಿಯಂ ಆವಿ ಹಾಯಿಸಿ ಡೈಸಿಲಿಸೈಡ್ ಬೆಳೆಸಿ, ಆಮೇಲೆ ಆಮ್ಲದಲ್ಲಿ ಇಡುತ್ತಿದ್ದೇನೆ. ರಾಮನ್‌ನಲ್ಲಿ (ಲೇಸರ್ ಬೆಳಕಿನಿಂದ ಬಂಧಗಳನ್ನು ಗುರುತಿಸುವ ಪರೀಕ್ಷೆ) ಪ್ರತಿ ಸೆಂ.ಮೀ.ಗೆ 520ರ ಪೀಕ್ ಬಿಟ್ಟು ಬೇರೇನೂ ಇಲ್ಲ. ಪದರ ಎದ್ದೂ ಬರುತ್ತಿದೆ. ಎಲ್ಲಿ ನೋಡಲಿ?

ಎಕ್ಸ್‌ಆರ್‌ಡಿ ನೋಡಿಕೊಳ್ಳುವವಳು: ಆ 520 ನಿಮ್ಮ ವೇಫರ್‌ನದ್ದೇ. ತೆಳು ಪದರವಾದರೆ ಲೇಸರ್ ಅದನ್ನು ದಾಟಿ ಕೆಳಗಿನ ಸಿಲಿಕಾನ್ ಓದುತ್ತದೆ. 2100ರ ಹತ್ತಿರ ಸಿಲಿಕಾನ್-ಹೈಡ್ರೋಜನ್ ಬಂಧದ ಪೀಕ್ ಹುಡುಕಿ, ಅಲ್ಲಿ ವೇಫರ್ ಅಡ್ಡ ಬರುವುದಿಲ್ಲ. ಆಮ್ಲಕ್ಕೆ ಇಳಿಸುವ ಮೊದಲು ಒಮ್ಮೆ ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ಪದರಗಳ ಅಂತರ ಅಳೆಯುವ ಪರೀಕ್ಷೆ) ಮಾಡಿಸಿ. ತಾಮ್ರದ ಎಕ್ಸ್-ಕಿರಣದಲ್ಲಿ ಡೈಸಿಲಿಸೈಡ್ 17.4 ಡಿಗ್ರಿ ಸುಮಾರಿಗೆ ಕಾಣಬೇಕು, ಅಂದರೆ ಪದರಗಳ ಅಂತರ 5.1 ಆಂಗ್‌ಸ್ಟ್ರಾಮ್. ಸಿಲಾಕ್ಸೀನ್ ಆದಮೇಲೆ ಅಂತರ 6 ದಾಟುತ್ತದೆ, ಪೀಕ್ 14ರ ಕಡೆ ಸರಿಯುತ್ತದೆ. ಮೊದಲನೆಯದೇ ಕಾಣದಿದ್ದರೆ ಆಮ್ಲವನ್ನು ದೂರಿ ಪ್ರಯೋಜನವಿಲ್ಲ.

ಫರ್ನೇಸ್ ಕಡೆಯವನು: ವೇಫರ್ ಯಾವುದು ಅಂತ ಹೇಳಲೇ ಇಲ್ಲವಲ್ಲ! 111 (ಹರಳನ್ನು ಯಾವ ದಿಕ್ಕಿಗೆ ಕತ್ತರಿಸಿದ್ದಾರೆ ಎನ್ನುವ ಸಂಖ್ಯೆ) ಆದರೆ ಅರ್ಧ ಕೆಲಸ ಆದ ಹಾಗೆ. ಆ ಮುಖದಲ್ಲಿ ಪರಮಾಣುಗಳ ಅಂತರ 3.84 ಆಂಗ್‌ಸ್ಟ್ರಾಮ್, ಡೈಸಿಲಿಸೈಡ್‌ನದು 3.86ರ ಹತ್ತಿರ. ಇಷ್ಟು ಹೊಂದಾಣಿಕೆ ಸುಮ್ಮನೆ ಸಿಗುವುದಿಲ್ಲ. ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಆಕ್ಸೈಡ್ ತೆಗೆದ ಕೂಡಲೇ ಒಳಗಿಡಿ. ಗಾಳಿಯಲ್ಲಿ ಬಿಟ್ಟರೆ ಆಕ್ಸೈಡ್ ಮತ್ತೆ ಕಟ್ಟುತ್ತದೆ. (ಆ ಆಮ್ಲ ಮೈಗೆ ತಾಕಿದರೆ ಹಚ್ಚಲು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇರಲಿ, ಇದರಲ್ಲಿ ರಾಜಿ ಇಲ್ಲ.)

ಇನ್ನು ಶಾಖ. ಕ್ಯಾಲ್ಸಿಯಂ ಹೆಚ್ಚಾಗಿ ಶಾಖ ಸಾಲದೆ ಹೋದರೆ ಡೈಸಿಲಿಸೈಡ್ ಬದಲು ಕ್ಯಾಲ್ಸಿಯಂ ಜಾಸ್ತಿಯಿರುವ ಸಿಲಿಸೈಡ್‌ಗಳು ಕೂರುತ್ತವೆ. ಬೇಕಾದ ಸಿಲಿಕಾನ್ ವೇಫರ್‌ನಿಂದಲೇ ಮೇಲೆ ಬರಬೇಕು, ಅದಕ್ಕೆ ಶಾಖವೂ ಸಮಯವೂ ಬೇಕು. ಆವಿ ಕಡಿಮೆ ಮಾಡಿ ನೋಡಿ. ಕ್ಯಾಲ್ಸಿಯಂ ಆವಿ ಕ್ವಾರ್ಟ್ಜ್ ಕೊಳವೆಯನ್ನೂ ತಿನ್ನುತ್ತದೆ, ಲೋಹವನ್ನೂ ವೇಫರನ್ನೂ ಸ್ಟೀಲ್ ಡಬ್ಬಿಯೊಳಗೆ ಮುಚ್ಚಿಡುವುದು ಒಳ್ಳೆಯದು.

ರಸಾಯನಶಾಸ್ತ್ರದವಳು: ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕ್ಯಾಲ್ಸಿಯಂ ಜಾಸ್ತಿಯಿರುವ ಸಿಲಿಸೈಡ್ ಆಮ್ಲಕ್ಕೆ ಬಿದ್ದರೆ ಸಿಲೇನ್ ಬರುತ್ತದೆ, ಅದು ಗಾಳಿಗೆ ತಾಕಿದರೆ ತಾನೇ ಹೊತ್ತಿಕೊಳ್ಳುತ್ತದೆ. ಫ್ಯೂಮ್ ಹುಡ್ (ಅನಿಲ ಹೊರಗೆಳೆಯುವ ಗೂಡು) ಹೊರಗೆ ಮಾಡಲೇಬೇಡಿ.

ಪದರ ಏಳುವುದಕ್ಕೆ ನನ್ನ ಅನುಮಾನ ಗುಳ್ಳೆಗಳ ಮೇಲೆ. ಸಿಲಾಕ್ಸೀನ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. ಪುಡಿಯಲ್ಲಿ ಅದು ತೊಂದರೆಯಲ್ಲ, ಅಂಟಿದ ಪದರವನ್ನು ಅದು ಕೆಳಗಿನಿಂದ ಎತ್ತುತ್ತದೆ. ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿಟ್ಟು ನಿಧಾನವಾಗಿ ಮಾಡಿ, ಕಲಕಬೇಡಿ. ತೀರಾ ತಣ್ಣಗೆ, ಮೈನಸ್ 30ರಲ್ಲಿ, ಗಾಢ ಆಮ್ಲದಲ್ಲಿ ದಿನಗಟ್ಟಲೆ ಇಟ್ಟರೆ ಸಿಗುವುದು ಸಿಲಾಕ್ಸೀನ್ ಅಲ್ಲ, ಬರೀ ಹೈಡ್ರೋಜನ್ ಹೊತ್ತ ಪಾಲಿಸಿಲೇನ್. ಜರ್ಮನ್ ರಸಾಯನಶಾಸ್ತ್ರಜ್ಞ ವೋಲರ್ 1863ರಲ್ಲಿ ಡೈಸಿಲಿಸೈಡನ್ನು ಆಮ್ಲಕ್ಕೆ ಹಾಕುವ ದಾರಿಯಲ್ಲೇ ಹಳದಿ ಪುಡಿ ತೆಗೆದಿದ್ದರು. ಅಂದಿನಿಂದಲೂ ಕೈಗೆ ಬಂದದ್ದು ಏನು ಅನ್ನುವ ಜಗಳ ಮುಗಿದಿಲ್ಲ, ಹಾಗಾಗಿ ನೀವು ಆಮ್ಲದ ತಾಪಮಾನ ಬರೆದಿಡಿ.

ಕೇಳಿದವರು: ನನ್ನದು 111 ಅಲ್ಲ, 100 ಮುಖದ ವೇಫರ್. ಎಸೆಯಬೇಕೇ?

ಫರ್ನೇಸ್ ಕಡೆಯವನು: ಬೇಡ. ಅದರಲ್ಲಿ 111 ತಳಗಳು ಮೇಲ್ಮೈಗೆ 54.7 ಡಿಗ್ರಿ ಓರೆಯಾಗಿವೆ. ಹಾಳೆಗಳು ಆ ತಳಗಳನ್ನು ಹಿಡಿದು ಬೆಳೆದರೆ ಓರೆಯಾಗಿ ನಿಲ್ಲುತ್ತವೆ, ಅಂಚುಗಳು ತೆರೆದಿರುತ್ತವೆ. ನಯವಾದ ಪದರಕ್ಕೆ ಅದು ಆಗದು. ಬ್ಯಾಟರಿ ಎಲೆಕ್ಟ್ರೋಡ್ ನೋಡುವ ಯೋಚನೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ, ನಯವಾದ ಪದರಕ್ಕೆ 111 ಬೇರೆ ತರಿಸಿ.