ಅಪ್‌ಡೇಟ್: ವೇಗದ ಲೀಡ್‌ಗೆ ಕೊನೆಗೆ ಉಳಿದ ಪಿಕಪ್

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಗೇನ್ (ಸದ್ದನ್ನು ಒರಟಾಗಿಸುವ ವರ್ಧನೆ) ಏರಿಸಿ ವೇಗವಾಗಿ ಲೀಡ್ (ಬಿಡಿ ಸ್ವರಗಳ ಮುಖ್ಯ ರಾಗ) ನುಡಿಸಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬ್ರಿಜ್‌ಗೆ (ತಂತಿಗಳು ಗಿಟಾರ್ ಒಡಲ ಮೇಲೆ ಕೂರುವ ಕಡೆಗೆ) ಈಗಿರುವ ಸೇಮೂರ್ ಡಂಕನ್ ಜೆಬಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಸಾಕೇ, ಬ್ಯಾಟರಿ ಬೇಡುವ ಇಎಂಜಿ 81 ಪಿಕಪ್ ಬೇಕೇ ಎಂದು ಕೇಳಿದ್ದೆನಲ್ಲ, ಅದರ ಫಲಿತಾಂಶ ಇದು.

ಮೊದಲು ದುಡ್ಡು ಖರ್ಚಿಲ್ಲದ ಸಲಹೆ ನೋಡಿದೆ. ದಪ್ಪ ತಂತಿಗಳ ಕಡೆಯ ಸ್ಕ್ರೂ ತಿರುಗಿಸಿ ಜೆಬಿಯನ್ನು ತುಸು ಕೆಳಗಿಳಿಸಿದಾಗಲೇ ಅರ್ಧ ಗೊಂದಲ ಕರಗಿತು. ಇದನ್ನು ಹೇಳಿದವರಿಗೆ ದೊಡ್ಡ ನಮಸ್ಕಾರ. ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಮಾತ್ರ ಒಗ್ಗಲಿಲ್ಲ: ಗುಂಯ್ ಎನ್ನುವ ಸದ್ದಿನ ಜೊತೆಗೆ ದೀರ್ಘ ಸ್ವರಗಳ ಬಾಲವನ್ನೂ ಕತ್ತರಿಸುತ್ತಿತ್ತು.

ಕೊನೆಗೆ ಸೆರಾಮಿಕ್ ಅಯಸ್ಕಾಂತದ 81 ಹಾಕಿಸಿದೆ. ಆರನೇ ತಂತಿಯನ್ನು ಅಂಗೈಯಂಚಿನಿಂದ ಅದುಮಿ ಸರಸರನೆ ಮೀಟಿದರೂ ಪಿಕ್‌ನ ಪ್ರತಿ ಏಟು ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ವಾಲ್ಯೂಮ್ ತಗ್ಗಿಸಿದಾಗ ಜೆಬಿ ಕೊಡುತ್ತಿದ್ದ ತಿಳಿಯಾದ ದನಿ ಇದರಲ್ಲಿ ನನಗೆ ಸಿಗಲಿಲ್ಲ. ಬ್ಲೂಸ್ ನುಡಿಸುವವರು ಯೋಚಿಸಿ.

ಅಚ್ಚರಿಯಾದದ್ದು ಒಳಗಿನ ಕೆಲಸ. ಹಳೆಯ 500 ಕಿಲೋಓಮ್ ಪಾಟ್‌ಗಳ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ರೋಧಕಗಳ) ಬದಲು 25 ಕಿಲೋಓಮ್‌ನವು ಬೇಕಾದವು. 9 ವೋಲ್ಟ್ ಬ್ಯಾಟರಿಗೆ ಜಾಗವೇ ಇರಲಿಲ್ಲ. ಹಿಂಬದಿಯ ಕುಳಿಯಲ್ಲಿ ಸ್ಪಾಂಜ್ ಸುತ್ತಿ ತುರುಕಿದ್ದಾಯಿತು. ಇನ್ನೊಂದು, ಕೇಬಲ್ ಸಿಕ್ಕಿಸಿದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ, ನುಡಿಸದಿದ್ದರೂ. ಅಭ್ಯಾಸ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ.