‘ಮೃದು ಬಜೆಟ್ ನಿರ್ಬಂಧ’: ಇಲ್ಲಿ ‘ಮೃದು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯೂರೋಪಿನ ದೇಶಗಳು ಕೇಂದ್ರೀಯ ಯೋಜನೆಯನ್ನು (ಏನನ್ನು ಎಷ್ಟು ತಯಾರಿಸಬೇಕೆಂದು ಸರ್ಕಾರವೇ ಗೊತ್ತುಮಾಡುವ ಪದ್ಧತಿಯನ್ನು) ಬಿಟ್ಟು ಮಾರುಕಟ್ಟೆಯತ್ತ ಹೊರಳಿದ ವರ್ಷಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಬಳಕೆಗೆ ತಂದ ‘ಸಾಫ್ಟ್ ಬಜೆಟ್ ಕನ್‌ಸ್ಟ್ರೈಂಟ್’ ಎಂಬಲ್ಲಿ ಬರವಣಿಗೆ ನಿಂತುಬಿಟ್ಟಿದೆ. ಪದಕ್ಕೆ ಪದ ಇಟ್ಟರೆ ‘ಮೃದು ಬಜೆಟ್ ನಿರ್ಬಂಧ’ ಆಗುತ್ತದೆ. ನನಗೆ ಅದು ಒಗ್ಗುತ್ತಿಲ್ಲ.

ಮೊದಲು ಅರ್ಥ ಹೇಳಿಬಿಡುತ್ತೇನೆ. ಯೋಜನೆಯ ಕಾಲದ ಕಾರ್ಖಾನೆಗೂ ಲೆಕ್ಕಪತ್ರವಿತ್ತು, ಖರ್ಚಿಗೆ ಮಿತಿಯೂ ಇತ್ತು. ಆದರೆ ನಷ್ಟವಾದರೆ ಸರ್ಕಾರ ಸಹಾಯಧನ ಕೊಡುತ್ತಿತ್ತು, ಇಲ್ಲವೇ ತೆರಿಗೆ ಬಿಡುತ್ತಿತ್ತು, ಇಲ್ಲವೇ ತೀರಿಸದಿದ್ದರೂ ನಡೆಯುವಂಥ ಸಾಲ ಕೊಡಿಸುತ್ತಿತ್ತು, ಅಥವಾ ಸರಕಿನ ಬೆಲೆಯನ್ನೇ ಏರಿಸಿಕೊಡುತ್ತಿತ್ತು. ಹೀಗೆ ಯಾರೋ ಬಂದು ಕೈಹಿಡಿಯುತ್ತಾರೆಂದು ಕಾರ್ಖಾನೆ ನಡೆಸುವವರಿಗೆ ಮೊದಲೇ ಗೊತ್ತು. ಕೊರ್ನಾಯ್ ಒತ್ತಿ ಹೇಳಿದ್ದು ಈ ನಿರೀಕ್ಷೆಯ ಬಗ್ಗೆಯೇ. ಇದರಿಂದಾಗಿ ಕಚ್ಚಾ ಸಾಮಗ್ರಿಯ ಬೆಲೆ ಏರಿದರೂ ಬೇಡಿಕೆ ಇಳಿಯುವುದಿಲ್ಲ; ಸಿಕ್ಕಷ್ಟನ್ನು ಬಾಚಿ ದಾಸ್ತಾನು ಮಾಡುತ್ತಾರೆ, ಎಲ್ಲೆಲ್ಲೂ ಕೊರತೆ.

‘ಮೃದು’ ನಮ್ಮಲ್ಲಿ ಹೊಗಳಿಕೆ: ಮೃದು ಮನಸ್ಸು, ಮೃದು ಮಾತು. ‘ಸಡಿಲ’ ಎಂದರೆ ಮೊದಲಿನಿಂದಲೇ ಗಂಟು ಬಿಗಿದಿಲ್ಲ ಎಂದಾಗುತ್ತದೆ. ಇಲ್ಲಿ ಕಾಗದದ ಮೇಲೆ ಗಂಟು ಬಿಗಿಯಾಗಿಯೇ ಇದೆ, ಭಾರ ಬಿದ್ದಾಗ ಬಿಟ್ಟುಕೊಡುತ್ತದೆ. ಹಂಗೇರಿಯನ್ ನುಡಿಯಲ್ಲಿ ಮಿತಿಗೆ ಬಳಸುವ ‘ಕೊರ್ಲಾತ್’ ಪದಕ್ಕೆ ಮೆಟ್ಟಿಲ ಪಕ್ಕದ ಕಂಬಿ, ಅಡ್ಡತಡೆ ಎಂಬ ಅರ್ಥವೂ ಇದೆ. ಒರಗಿದರೆ ಬಾಗುವ ಕಂಬಿ! ಈ ಚಿತ್ರ ಸಿಕ್ಕ ಮೇಲೆ ನನಗೆ ಹೊಳೆದದ್ದು ‘ಜಗ್ಗು’. ‘ಯಾವ ಬೆದರಿಕೆಗೂ ಜಗ್ಗಲಿಲ್ಲ’ ಅನ್ನುತ್ತೇವಲ್ಲ, ಆ ಜಗ್ಗು. ಜಗ್ಗುವ ಮಿತಿ, ಜಗ್ಗದ ಮಿತಿ. ಒತ್ತುವವರೊಬ್ಬರು, ಮಣಿಯುವವರೊಬ್ಬರು, ಇಬ್ಬರೂ ಈ ಒಂದೇ ಕ್ರಿಯಾಪದದೊಳಗೆ ಇದ್ದಾರೆ.

ವಾಕ್ಯದಲ್ಲಿಟ್ಟು ನೋಡಿದೆ. ರಷ್ಯಾ 1992ರ ಜನವರಿ 2ರಂದು ಬಹುಪಾಲು ಬೆಲೆಗಳ ಮೇಲಿನ ಹತೋಟಿ ತೆಗೆಯಿತು. ಆದರೂ ಕಾರ್ಖಾನೆಗಳು ಹಣ ಬಾರದಿದ್ದರೂ ಒಂದಕ್ಕೊಂದು ಸರಕು ಕಳಿಸುತ್ತಲೇ ಹೋದವು. ವರ್ಷದ ನಡುವಿನ ಹೊತ್ತಿಗೆ ಪರಸ್ಪರ ಬಾಕಿ 3 ಲಕ್ಷ ಕೋಟಿ ರೂಬಲ್ ಮುಟ್ಟಿತ್ತು. ಕೊನೆಗೆ ಕೇಂದ್ರ ಬ್ಯಾಂಕ್ ಸಾಲ ಹರಿಸಿತು. ‘ಬೆಲೆ ಬಿಡುಗಡೆಯಾಯಿತು, ಮಿತಿ ಮಾತ್ರ ಜಗ್ಗುತ್ತಲೇ ಇತ್ತು’ ಎಂದರೆ ವಿಷಯ ತಲುಪುತ್ತದೆ. ‘ಮೃದುವಾಗಿಯೇ ಇತ್ತು’ ಎಂದರೆ ಯಾರೋ ದಯೆ ತೋರಿದಂತೆ ಕೇಳಿಸುತ್ತದೆ. ಅದೇ 1992ರಲ್ಲಿ ಹಂಗೇರಿಯಲ್ಲಿ ಜಾರಿಗೆ ಬಂದ ದಿವಾಳಿ ಕಾನೂನು, ಸಾಲ ತೀರಿಸುವ ಗಡುವು 90 ದಿನ ಮೀರಿದ ಕಂಪನಿ ತಾನೇ ಅರ್ಜಿ ಹಾಕಬೇಕೆಂದು ವಿಧಿಸಿತು. ಅದು ಜಗ್ಗದ ಮಿತಿ.

ಇದರ ಜೊತೆಗೇ ಇನ್ನೊಂದು. ‘ಶಾರ್ಟೇಜ್’ಗೆ ‘ಕೊರತೆ’ ಎಂದೇ ಬರೆಯುತ್ತಿದ್ದೇನೆ, ‘ಕೊರತೆ ಬಜೆಟ್’ ಜೊತೆ ಗೊಂದಲವಾಗುತ್ತದೆಂಬ ಅಳುಕಿದ್ದರೂ. ರಷ್ಯನ್ನರೂ ಸಿಗದ ಸರಕನ್ನು ‘ದೆಫಿತ್ಸಿತ್’ ಎಂದೇ ಕರೆಯುತ್ತಿದ್ದರು. ಅಂಥ ಸರಕನ್ನು ಅವರು ‘ಕೊಂಡೆ’ ಅನ್ನುತ್ತಿರಲಿಲ್ಲ, ‘ದಸ್ತಾತ್’ ಎಂಬ ಬೇರೆ ಕ್ರಿಯಾಪದ ಬಳಸುತ್ತಿದ್ದರು. ಅದಕ್ಕೆ ನಮ್ಮ ‘ಗಿಟ್ಟಿಸಿದೆ’ ಅಳೆದು ಹೊಲಿಸಿದಂತಿದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನವಿರುವುದು ‘ಜಗ್ಗು’ ಬಗ್ಗೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಜಗ್ಗು’ ಎಂದರೆ ‘ಎಳೆ’. ಆ ಕಡೆಯ ಓದುಗರಿಗೆ ‘ಜಗ್ಗುವ ಮಿತಿ’ ಎಂದಾಗ ಮಿತಿಯೇ ಯಾರನ್ನೋ ಎಳೆಯುತ್ತಿದೆ ಎನಿಸುತ್ತದೆಯೇ? ಹಾಗಿದ್ದರೆ ‘ಮಣಿಯುವ ಮಿತಿ’ಗೆ ಹೋಗಲೇ? ಉತ್ತರ ಕರ್ನಾಟಕದ ಮಾತನ್ನು ಮನೆಯಲ್ಲಿ ಆಡುವವರು ದಯವಿಟ್ಟು ತಿಳಿಸಿ.